ಟ್ಯಾಂಕಿ ಗುಡ್ಡೆಯ ಕೋಚ್

ಪುತ್ತೂರು
3 ನವೆಂಬರ್ 2024

ಯಶೂ,

ಕೊನೆಗೂ ಬಂದೆಯಲ್ಲ! ಹೊಸ ಕೋಚ್‌ಗಳ ಹೆಸರಿನ ನಡುವೆ 'ಯಶಸ್ವಿ, ಗುತ್ತಿಗಾರು' ಅಂತ ಕಂಡು ನಾನು ಕೂಗಿದ ಕೂಗಿಗೆ ಕೆಳಗೆ ಚಪ್ಪಲಿ ಅಂಗಡಿಯಲ್ಲಿದ್ದ ನನ್ನ ಯಜಮಾನರು ಫಯಾಝ್ ಹೆದರಿ ಮೆಟ್ಟಿಲು ಹತ್ತಿ ಬಂದರು. "ಎಂತ ಆಯ್ತು?" ಅಂದರು. "ಯಶಸ್ವಿ ಅಮೆರಿಕದ ಕಾಲೇಜಿಗೆ ಬಾಸ್ಕೆಟ್‌ಬಾಲ್ ಕೋಚ್ ಆದಳು" ಅಂದೆ. ಫೋನಿನೊಳಗಿನ ಆಟ ಅಂತ ಗೊತ್ತಾದ ಮೇಲೆ, "ಗಿರಾಕಿಯನ್ನು ಒಂದೇ ಕಾಲಿನ ಚಪ್ಪಲಿಯಲ್ಲಿ ನಿಲ್ಲಿಸಿ ಬಂದೆ ಮಾರಾಯ್ತಿ" ಅಂತ ಗೊಣಗುತ್ತಾ ಇಳಿದು ಹೋದರು.

ಕಾಲೇಜು ಸುಳ್ಳು, ಅದರ ಹುಡುಗಿಯರು ಸುಳ್ಳು. ಆದರೆ ಎದುರು ತಂಡದ ಕೋಚ್ ಮಾತ್ರ ಎಲ್ಲೋ ಕೂತ ನಿಜದ ಮನುಷ್ಯ. ಮಂಗಳವಾರ, ಗುರುವಾರ, ಶನಿವಾರ ಪಂದ್ಯ. ಸಂಜೆ ಆರರ ಒಳಗೆ ಯಾರನ್ನು ಇಳಿಸುತ್ತಿ, ಹೇಗೆ ಕಾಯುತ್ತಿ ಅಂತ ತಿಳಿಸಿಬಿಡಬೇಕು. ಆಮೇಲೆ ಪಂದ್ಯ ತನ್ನಷ್ಟಕ್ಕೆ ನಡೆಯುತ್ತದೆ. ಗೆದ್ದರೆ ನಿನ್ನ ಹೆಸರು ಏರುತ್ತದೆ. ಋತು ಮುಗಿದಾಗ ದೊಡ್ಡ ಕಾಲೇಜುಗಳ ಕೋಚ್ ಹುದ್ದೆಗಳು ಖಾಲಿ ಬೀಳುತ್ತವೆ, ಅರ್ಜಿ ಹಾಕಬೇಕು. ಸತತ ಮೂರು ಪಂದ್ಯಕ್ಕೆ ಬಾರದಿದ್ದರೆ ಕೆಲಸದಿಂದ ತೆಗೆದುಹಾಕುತ್ತಾರೆ. ಎಲ್ಲಕ್ಕಿಂತ ಮೇಲಿನದು ಸೇಂಟ್ ಆರ್ಲನ್. ನಮ್ಮಿಬ್ಬರಲ್ಲಿ ಒಬ್ಬಳಾದರೂ ಅಲ್ಲಿ ಕೂರಬೇಕು.

ನಿನ್ನ ಮನೆಗೆ ಕರೆ ತಾಗುವುದಿಲ್ಲ, ವಾಟ್ಸಾಪಿನಲ್ಲಿ ನೀನು ಹೆಬ್ಬೆಟ್ಟು ಬಿಟ್ಟು ಬೇರೇನೂ ಕಳಿಸುವುದಿಲ್ಲ. ಈ ಆಟದಲ್ಲಿ ಕೋಚ್‌ಗಳು ಒಬ್ಬರಿಗೊಬ್ಬರು ಪತ್ರ ಬರೆಯಬಹುದು, ಕೆಲಸ ಹೋದರೂ. ಇನ್ನು ಇಲ್ಲಿಯೇ ಬರೆಯುವ, ಪೂರ್ತಿ ಪತ್ರ.

ನಿನ್ನ ಕಾಲೇಜು ತಂಡದ ಪಾಯಿಂಟ್ ಗಾರ್ಡ್,
ಫೌಝಿಯಾ


ಗುತ್ತಿಗಾರು
9 ನವೆಂಬರ್ 2024

ಫೌಝೀ,

ಮೊದಲ ಮೂರೂ ಪಂದ್ಯ ಗೆದ್ದೆ. ನನಗೇ ನಂಬಿಕೆ ಇಲ್ಲ.

ಎಲ್ಲಿ ಕೂತು ಬರೆಯುತ್ತಿದ್ದೇನೆ ಗೊತ್ತಾ? ನಮ್ಮ ರಬ್ಬರ್ ತೋಟದ ಮೇಲೆ ಒಂದು ಗುಡ್ಡೆ. ಅದರ ತುದಿಯಲ್ಲಿ ಪಂಚಾಯತಿನವರ ಸಿಮೆಂಟಿನ ನೀರಿನ ಟ್ಯಾಂಕಿ. ಕಬ್ಬಿಣದ ಏಣಿ ಹತ್ತಿ ಟ್ಯಾಂಕಿಯ ಮೇಲೆ ಕೂತರೆ ಫೋನಿಗೆ ಒಂದು ಗೆರೆ ನೆಟ್‌ವರ್ಕ್ ಬರುತ್ತದೆ. ಕರೆಗೆ ಸಾಲದು, ಅಕ್ಷರಕ್ಕೆ ಸಾಕು. ಸಂಜೆ ಹಾಲಿನ ಡಿಪೋದಿಂದ ಬಂದವಳು ಇಲ್ಲಿಗೆ ಹತ್ತುತ್ತೇನೆ. ದಿನದಲ್ಲಿ ಇಷ್ಟು ಹೊತ್ತು ಮಾತ್ರ ನನ್ನನ್ನು ಯಾರೂ ಯಾವುದಕ್ಕೂ ಕರೆಯುವುದಿಲ್ಲ.

ಅತ್ತೆ ದುಗ್ಗಮ್ಮನಿಗೆ ಇದೊಂದು ತಮಾಷೆ. "ಕೋಚ್ ಅಂದ್ರೆ ಎಂತ, ಸಂಬಳ ಉಂಟಾ?" ಅಂತ ಕೇಳಿದರು. ಇಲ್ಲ ಅಂದೆ. "ಹಾಗಾದ್ರೆ ಗುಡ್ಡೆ ಹತ್ತುದು ಯಾಕೆ?" ಅಂದರು. ಅವರ ಮಗ ಕೀರ್ತನ್ ಮಾತ್ರ ನಗುವುದಿಲ್ಲ. ನಿನ್ನೆ ರಾತ್ರಿ ಊಟಕ್ಕೆ ಕೂತಾಗ, "ನಿನ್ನ ಹುಡುಗಿಯರು ಗೆದ್ರಾ?" ಅಂತ ಕೇಳಿದರು.

ಟ್ಯಾಂಕಿಯ ಆಚೆಗೆ ಕಾಡು. ಆ ಕಡೆಗೆ ಬೆನ್ನು ಹಾಕಿ ಕೂರುತ್ತೇನೆ.

ಯಶಸ್ವಿ


ಪುತ್ತೂರು
29 ಡಿಸೆಂಬರ್ 2024

ಯಶೂ,

ಮಧ್ಯದ ವಿಭಾಗಕ್ಕೆ ಏರಿದೆ! ವಿಂಡ್‌ಮೋರ್ ಕಾಲೇಜಿನವರು ನಲವತ್ತು ಅರ್ಜಿಗಳಲ್ಲಿ ನಿನ್ನನ್ನು ಆರಿಸಿದರು. ಆ ಹುದ್ದೆಗೆ ನಾನೂ ಹಾಕಿದ್ದೆ ಅಂತ ಹೇಳಿದರೆ ನಗುತ್ತೀಯಾ? ಪರವಾಗಿಲ್ಲ, ನನಗೂ ಒಂದು ಸಿಕ್ಕಿತು, ನಿನ್ನದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಕಾಲೇಜಿನಲ್ಲೂ ಹಾಗೇ ಅಲ್ಲವಾ? ಚೆಂಡು ತಂದುಕೊಡುವ ಪಾಯಿಂಟ್ ಗಾರ್ಡ್ ನಾನು, ಬುಟ್ಟಿಗೆ ಹಾಕುವವಳು ನೀನು.

ಶಾಲೆಯ ಪಿ.ಟಿ. ಕೆಲಸ ಬಿಟ್ಟೆ. ಬಿಸಿಲಿಗೆ ನಿಂತು ಸೀಟಿ ಊದಿ ಸಾಕಾಯಿತು. ಈಗ ಮನೆಯಲ್ಲೇ ಇದ್ದೇನೆ, ಕಿಟಕಿಯ ಪಕ್ಕ ಮಂಚ, ಕೈಯಲ್ಲಿ ಫೋನ್. ರಾಣಿಯ ಬಾಳು. ಸಂಜೆ ಆರು ಗಂಟೆ ಯಾವಾಗ ಆಗುತ್ತದೋ ಅಂತ ಕಾಯುವುದೇ ಕೆಲಸ.

ಹೊಸ ಋತು ಗುರುವಾರದಿಂದ ಶುರು. ತಪ್ಪಿಸಬೇಡ. ನೀನು ಬಾರದಿದ್ದರೆ ನನಗೆ ಆ ದಿನ ಮುಗಿದ ಹಾಗೇ ಆಗುವುದಿಲ್ಲ.

ಫೌಝಿಯಾ


ಗುತ್ತಿಗಾರು
18 ಜನವರಿ 2025

ಫೌಝೀ,

ಬರೆಯಲು ತಡವಾಯಿತು. ನಮ್ಮಲ್ಲಿ ಒಂದು ಸಾವಾಯಿತು. ಪಕ್ಕದ ತೋಟದ ಚನಿಯಪ್ಪಣ್ಣ. ನನ್ನ ಮದುವೆಯಲ್ಲಿ ನಿನಗೆ ಎಳನೀರು ಕೆತ್ತಿಕೊಟ್ಟು, "ಈ ಹುಡುಗಿ ಇಷ್ಟು ಸಣ್ಣ, ಚೆಂಡಾಟ ಆಡುದು ಹೇಗೆ?" ಅಂತ ಕೇಳಿದವರು. ಬೆಳಿಗ್ಗೆ ರಬ್ಬರ್ ಹಾಲಿನ ಟ್ಯಾಪಿಂಗಿಗೆ ಹೋದವರು ತಿರುಗಿ ಬರಲಿಲ್ಲ.

ಎರಡು ಪಂದ್ಯ ತಪ್ಪಿತು, ಗೊತ್ತುಂಟು. ಇವತ್ತು ಹತ್ತಿದೆ. ಕಳಿಸಿ ಇಳಿಯುತ್ತೇನೆ. ಇನ್ನೇನೂ ವಿಶೇಷ ಇಲ್ಲ.

ಯಶಸ್ವಿ


ಪುತ್ತೂರು
19 ಜನವರಿ 2025

ಯಶೂ,

ಪಾಪ, ಚನಿಯಪ್ಪಣ್ಣ! ಆ ನಗು ನೆನಪುಂಟು. ಪ್ರಾಯ ಆಗಿತ್ತಲ್ಲ, ಹೃದಯವೇ ಇರಬೇಕು. ಕೆಲಸಕ್ಕೆ ಹೋದಲ್ಲೇ ಸುಖದ ಸಾವು ಅಂತ ನನ್ನ ಮಾಮಿ ಹೇಳಿದರು.

ಬೈಯುತ್ತೇನೆ ಅಂತ ತಿಳಿಯಬೇಡ, ಆದರೆ ಮೂರನೆಯದೂ ತಪ್ಪಿದ್ದರೆ ನಿನ್ನನ್ನು ತೆಗೆಯುತ್ತಿದ್ದರು. ಇಷ್ಟು ಏರಿದ ಮೇಲೆ ಕೆಳಗಿನಿಂದ ಮತ್ತೆ ಶುರು ಮಾಡುವ ತಾಪತ್ರಯ ನಿನಗೆ ಬೇಡ. ಒಂದು ಗುಡ್ಡೆ ಹತ್ತುವುದು ನಿನ್ನಂಥವಳಿಗೆ ಏನು ದೊಡ್ಡದು? ಕಾಲು ಗಟ್ಟಿ ಇರುವವರು ನಡೆಯಬೇಕು ಮಾರಾಯ್ತಿ. ನಡೆಯುವುದೂ ಒಂದು ಭಾಗ್ಯ.

ಮಂಗಳವಾರ ಕಾಯುತ್ತೇನೆ.

ಫೌಝಿಯಾ


ಗುತ್ತಿಗಾರು
6 ಫೆಬ್ರವರಿ 2025

ಫೌಝೀ,

ಗೆಲ್ಲುತ್ತಿದ್ದೇನೆ. ನನ್ನ ತಂಡ ಈಗ ಪೂರ್ತಿ ಕಾಯುವ ಆಟ ಆಡುತ್ತದೆ. ಐದೂ ಹುಡುಗಿಯರು ಬುಟ್ಟಿಯ ಕೆಳಗೆ ಒತ್ತಿ ನಿಲ್ಲುತ್ತಾರೆ, ಯಾರನ್ನೂ ಒಳಗೆ ಬಿಡುವುದಿಲ್ಲ. ಮುಂದೆ ಓಡುವ ಆಟ ನಾನು ಬಿಟ್ಟೆ.

ಪತ್ರ ಸಣ್ಣದಾಯಿತು ಅಂತ ಸಿಟ್ಟಾಗಬೇಡ. ಬೆಳಕಿರುವಾಗಲೇ ಇಳಿಯಬೇಕು. ನಿನ್ನ ದೊಡ್ಡ ಪತ್ರಗಳನ್ನು ಮನೆಯಲ್ಲಿ ಕೂತು ಎರಡೆರಡು ಸಲ ಓದುತ್ತೇನೆ.

ಯಶಸ್ವಿ


ಪುತ್ತೂರು
2 ಮಾರ್ಚ್ 2025

ಯಶಸ್ವಿ,

ಸೇಂಟ್ ಆರ್ಲನ್ ಹುದ್ದೆ ಖಾಲಿಯಾಗಿದೆ. ನೀನು ಅರ್ಜಿ ಹಾಕಿದ್ದನ್ನು ನೋಡಿದೆ. ನಾನೂ ಹಾಕಿದ್ದೇನೆ. ಗುರುವಾರ ಸಂಜೆ ತೀರ್ಮಾನ. ಕರೆ ಬಂದವರು ಅವತ್ತೇ ಒಪ್ಪಿಗೆ ಒತ್ತಬೇಕು, ಇಲ್ಲದಿದ್ದರೆ ಮುಂದಿನವರಿಗೆ ಹೋಗುತ್ತದೆ.

ಒಂದು ತಿಂಗಳಲ್ಲಿ ನಿನ್ನಿಂದ ಬಂದದ್ದು ಎಂಟು ಸಾಲು. ನಾನು ಹಾಳೆಗಟ್ಟಲೆ ಬರೆದೆ. ಎತ್ತರಕ್ಕೆ ಹೋದವರಿಗೆ ಕೆಳಗಿನವರ ಪತ್ರ ಭಾರವಾಗುತ್ತದೆ ಅಂತ ಕೇಳಿದ್ದೆ. ಫೋನಿನೊಳಗಿನ ಎತ್ತರಕ್ಕೂ ಹಾಗಾಗುತ್ತದೆ ಅಂತ ಗೊತ್ತಿರಲಿಲ್ಲ. ನನ್ನ ಆರೋಗ್ಯ ಹೇಗುಂಟು ಅಂತ ನೀನು ಒಂದು ಸಲವೂ ಕೇಳಲಿಲ್ಲ. ನಾನು ಹೇಳಲೂ ಇಲ್ಲ, ಅದು ಬೇರೆ.

ನಿನಗೇ ಸಿಗಲಿ.

ಫೌಝಿಯಾ


ಟ್ಯಾಂಕಿ ಗುಡ್ಡೆ
6 ಮಾರ್ಚ್ 2025, ಸಂಜೆ

ಫೌಝೀ, ಕರೆ ಮಾಡಬೇಡ. ಫೋನಿನ ಶಬ್ದ ತೆಗೆದಿದ್ದೇನೆ, ಆದರೂ ಮಾಡಬೇಡ.

ಆನೆ ಉಂಟು. ಟ್ಯಾಂಕಿಯ ಕೆಳಗೇ ಉಂಟು.

ಸೇಂಟ್ ಆರ್ಲನ್ ನನಗೆ ಬಂತು. ಒಪ್ಪಿಗೆ ಒತ್ತಿ ತಲೆ ಎತ್ತಿದಾಗ ಏಣಿಯ ಹತ್ತಿರ ನಿಂತಿತ್ತು. ಬಂದದ್ದು ಕೇಳಲೇ ಇಲ್ಲ. ಇಷ್ಟು ದೊಡ್ಡ ಪ್ರಾಣಿ, ಒಂದು ಎಲೆ ಕೂಡ ಮುರಿದ ಶಬ್ದ ಇಲ್ಲ. ಒಂಟಿ. ಪೈಪ್ ಮುರಿದಿದೆ, ನೀರು ಕುಡಿಯುತ್ತಿದೆ. ಆಗಾಗ ಸೊಂಡಿಲು ಗೋಡೆಗೆ ಉಜ್ಜುವುದು ಕೇಳುತ್ತದೆ. ಟ್ಯಾಂಕಿ ದೊಡ್ಡ ಎತ್ತರ ಇಲ್ಲ ಫೌಝೀ.

ಚನಿಯಪ್ಪಣ್ಣ ಹೃದಯ ನಿಂತು ಸತ್ತದ್ದಲ್ಲ. ಆನೆ ತುಳಿದದ್ದು. ಇದೇ ಗುಡ್ಡೆಯ ಬುಡದಲ್ಲಿ. ನಾನು ಹೇಳಲಿಲ್ಲ.

ಕೀರ್ತನ್ ಮನೆಯಲ್ಲಿದ್ದಾರೆ, ಅಲ್ಲಿಗೆ ಫೋನ್ ಹೋಗುವುದಿಲ್ಲ. ಗುತ್ತಿಗಾರು ಪೇಟೆಯಲ್ಲಿ ರಬ್ಬರ್ ಶೀಟ್ ತೆಗೆದುಕೊಳ್ಳುವ ಪೋಕರಾಕ ಫಯಾಝ್ ಅಣ್ಣನಿಗೆ ಗುರ್ತ ಉಂಟಲ್ಲ. ಅವರಿಗೆ ಹೇಳಿಸು. ಬೇಗ.


ಪುತ್ತೂರು
6 ಮಾರ್ಚ್, ಸಂಜೆ

ಯಶೂ, ಸಿಕ್ಕಿತು. ಫಯಾಝ್ ಪೋಕರಾಕನ ಹತ್ತಿರ ಮಾತಾಡಿದರು. ಅವರ ಅಂಗಡಿಯಿಂದಲೇ ಜೀಪು ಹೊರಟಿತು, ಪಟಾಕಿ ಹಿಡಿದುಕೊಂಡು. ದಾರಿಯಲ್ಲಿ ಕೀರ್ತನ್ ಅವರನ್ನು ಹತ್ತಿಸಿಕೊಳ್ಳುತ್ತಾರೆ. ಫಾರೆಸ್ಟಿನವರಿಗೂ ಹೇಳಿ ಆಯಿತು.

ಈಗ ನಾನು ಹೇಳಿದ್ದು ಮಾತ್ರ ಮಾಡು. ಅಂಚಿನಿಂದ ಹಿಂದೆ ಸರಿ. ನಡುವಿನಲ್ಲಿ, ಮುಚ್ಚಳದ ಮೇಲೆ ಮಲಗು. ನಿಲ್ಲಬೇಡ, ನಿಂತರೆ ಕಾಣುತ್ತಿ. ಫೋನಿನ ಬೆಳಕು ತಗ್ಗಿಸಿ ಹೊಟ್ಟೆಯ ಕೆಳಗೆ ಇಟ್ಟುಕೋ. ಇಳಿಯಬೇಡ. ಅದು ಹೋಯಿತು ಅಂತ ಅನಿಸಿದರೂ ಇಳಿಯಬೇಡ. ಮನುಷ್ಯರ ಸ್ವರ ಕೇಳುವವರೆಗೆ ಇಳಿಯಬೇಡ.

ನಾನು ಇಲ್ಲೇ ಇದ್ದೇನೆ.


ಟ್ಯಾಂಕಿ ಗುಡ್ಡೆ
6 ಮಾರ್ಚ್

ಇಳಿಯಲು ಹೊರಟಿದ್ದೆ. ನೀರಿನ ಶಬ್ದ ಬಿಟ್ಟರೆ ಏನೂ ಕೇಳುತ್ತಿರಲಿಲ್ಲ. ಒಂದು ಕಾಲು ಏಣಿಗೆ ಇಟ್ಟಿದ್ದೆ. ಆಗ ನಿನ್ನ ಪತ್ರ ಬಂತು. ಕಾಲು ಎಳೆದುಕೊಂಡೆ.

ಅದು ಹೋಗಿಲ್ಲ. ಹಲಸಿನ ಮರದ ಹಿಂದೆ ನಿಂತಿದೆ. ಎಳೆಗಾಯಿ ಗುಜ್ಜೆ ತಿನ್ನುವುದೂ ಇಲ್ಲ, ಕಿವಿಯೂ ಆಡಿಸುವುದಿಲ್ಲ. ಸುಮ್ಮನೆ ಈ ಕಡೆ ನೋಡುತ್ತಿದೆ.

ಹಲ್ಲು ಕಟಕಟ ಅನ್ನುತ್ತಿದೆ. ಅದಕ್ಕೆ ಕೇಳುತ್ತದೋ ಅಂತ ಸೆರಗು ಕಚ್ಚಿಕೊಂಡಿದ್ದೇನೆ.


ಪುತ್ತೂರು
6 ಮಾರ್ಚ್

ಯಶೂ, ಜೀಪು ನಿಮ್ಮ ಮನೆಯ ದಾರಿ ಹಿಡಿಯಿತು, ನೆಟ್‌ವರ್ಕ್ ಹೋಗುವ ಮೊದಲು ಪೋಕರಾಕ ಹೇಳಿದರು. ಕೀರ್ತನ್ ಅದರಲ್ಲೇ ಬರುತ್ತಾರೆ. ಹಾಗೇ ಮಲಗಿರು. ಉತ್ತರ ಬರೆಯಬೇಡ, ಬೆಳಕು ಕಾಣುತ್ತದೆ.


ಪುತ್ತೂರು
6 ಮಾರ್ಚ್, ರಾತ್ರಿ

ಯಶೂ, ಪಟಾಕಿ ಕೇಳಿತಾ? ಜೀಪಿನ ಬೆಳಕು ಕಂಡಿತಾ?

ಪೋಕರಾಕನ ಫೋನ್ ಹೋಗುವುದಿಲ್ಲ.

ಯಶೂ.


ಪುತ್ತೂರು
7 ಮಾರ್ಚ್ 2025

ಯಶೂ,

ನೀನು ಮನೆ ಸೇರಿದೆ ಅಂತ ಪೋಕರಾಕ ಪೇಟೆಗೆ ತಿರುಗಿ ಬಂದ ಮೇಲೆ ಫಯಾಝ್‌ಗೆ ಹೇಳಿದರು. ಅಲ್ ಹಮ್ದುಲಿಲ್ಲಾಹ್. ಗುಡ್ಡೆ ಹತ್ತು ಅಂತ ನಿನ್ನ ಬೆನ್ನು ಬಿದ್ದವಳು ನಾನು. ಸುಖದ ಸಾವು ಅಂತ ಬರೆದವಳೂ ನಾನು. ಅದನ್ನು ಓದಿ ನೀನು ಹೇಗೆ ಸುಮ್ಮನಿದ್ದೆ?

ಒಂದು ಸಾಲು ಬರೆ. ನಿನ್ನ ಕೈಯಿಂದಲೇ ಬರಲಿ.

ಫೌಝಿಯಾ


ಗುತ್ತಿಗಾರು
15 ಮಾರ್ಚ್ 2025

ಫೌಝೀ,

ಇದನ್ನು ಮನೆಯೊಳಗೆ ಕೂತು ಬರೆಯುತ್ತಿದ್ದೇನೆ. ಕೀರ್ತನ್ ಫೋನನ್ನು ಪೇಟೆಗೆ ಒಯ್ದು ಕಳಿಸುತ್ತಾರೆ, ನಿನ್ನ ಉತ್ತರ ಬಂದಿದ್ದರೆ ತರುತ್ತಾರೆ. ನಾಳೆಯೂ ಹಾಗೆಯೇ. ಅವರೀಗ ನಮ್ಮ ಪೋಸ್ಟ್‌ಮ್ಯಾನ್.

ಅವತ್ತು ಪಟಾಕಿಗೆ ಅದು ಓಡಲಿಲ್ಲ. ಜೀಪಿನ ಎದುರು ಬಂದು ನಿಂತಿತು. ಕೀರ್ತನ್ ಜೀಪಿನಲ್ಲಿದ್ದರು, ನಾನು ಮೇಲಿನಿಂದ ನೋಡುತ್ತಿದ್ದೆ. ಪೋಕರಾಕ ಹಾರ್ನಿನಿಂದ ಕೈ ತೆಗೆಯಲೇ ಇಲ್ಲ. ಸುಮಾರು ಹೊತ್ತಿನ ಮೇಲೆ ಅದು ತಿರುಗಿ, ಅವಸರವೇ ಇಲ್ಲದ ಹಾಗೆ, ಕಾಡಿಗೆ ಇಳಿಯಿತು. ನನ್ನನ್ನು ಏಣಿಯಿಂದ ಎತ್ತಿ ಇಳಿಸಬೇಕಾಯಿತು.

ಅಂದಿನಿಂದ ನಾನು ಅಂಗಳ ದಾಟಿಲ್ಲ. ಹಾಲಿನ ಡಿಪೋಗೆ ಅತ್ತೆ ಹೋಗುತ್ತಾರೆ. ನಿನ್ನೆ ಧೈರ್ಯ ಮಾಡಿ ಕೊಟ್ಟಿಗೆಯವರೆಗೆ ಹೋದೆ. ಬೈಹುಲ್ಲಿನ ರಾಶಿ ಕಂಡು ಕೂಗಿದೆ. ಅತ್ತೆ ಓಡಿ ಬಂದು, "ಹುಲ್ಲು ಮಗಳೇ, ಅದು ಹುಲ್ಲು" ಅಂತ ಕೈ ಹಿಡಿದುಕೊಂಡು ಒಳಗೆ ತಂದರು.

ನೀನು ಕೇಳಿದೆಯಲ್ಲ, ಹೇಗೆ ಸುಮ್ಮನಿದ್ದೆ ಅಂತ. ಹೇಳಿದ್ದರೆ ನೀನು 'ಹೋಗಬೇಡ' ಅನ್ನುತ್ತಿದ್ದೆ. ಹೆದರಿಕೆ ಒಬ್ಬಳೊಳಗೇ ಇದ್ದರೆ ಸಣ್ಣದಾಗಿ ಇರುತ್ತದೆ ಅಂತ ಅಂದುಕೊಂಡಿದ್ದೆ. ಹಾಗಲ್ಲ.

ಸೇಂಟ್ ಆರ್ಲನ್ ಪಂದ್ಯಗಳು ಶುರುವಾಗಿರಬೇಕು. ಮೂರು ತಪ್ಪಿದರೆ ತೆಗೆಯಲಿ. ಅದರ ಹೆಸರು ಕೇಳಿದರೆ ಕಬ್ಬಿಣದ ಏಣಿ ಕೈಗೆ ತಾಗಿದ ಹಾಗಾಗುತ್ತದೆ.

ನಿನ್ನ ಆರೋಗ್ಯ ಹೇಗುಂಟು? ತಡವಾಗಿ ಕೇಳುತ್ತಿದ್ದೇನೆ.

ಯಶಸ್ವಿ


ಗುತ್ತಿಗಾರು
28 ಮಾರ್ಚ್ 2025

ಫೌಝೀ,

ಪ್ರತಿದಿನ ಫೋನ್ ಪೇಟೆಗೆ ಹೋಗಿ ಖಾಲಿ ಬರುತ್ತದೆ. ಕೀರ್ತನ್ ಗೇಟಿನಲ್ಲಿ ಕಂಡ ಕೂಡಲೇ ಅವರ ಮುಖ ನೋಡುತ್ತೇನೆ. "ಇವತ್ತೂ ಇಲ್ಲ" ಅಂತ ತಲೆ ಆಡಿಸುತ್ತಾರೆ.

ನೀನೂ ಮೂರು ಪಂದ್ಯಕ್ಕೆ ಬರಲಿಲ್ಲ ಅಂತ ಆಟದಲ್ಲಿ ಕಂಡಿತು, ನಿನ್ನನ್ನೂ ತೆಗೆದಿದ್ದಾರೆ. ನೀನು ಆಡದೆ ಇರುವವಳಲ್ಲ. ಜ್ವರದಲ್ಲೂ ಅಂಕಣಕ್ಕೆ ಇಳಿದವಳು. ನನ್ನ ಮೇಲಿನ ಸಿಟ್ಟಾದರೆ ಬೈದು ಬರೆ. ಸಿಟ್ಟಲ್ಲದೆ ಬೇರೇನಾದರೂ ಆಗಿದ್ದರೆ, ದಯಮಾಡಿ ಹೇಳು.

ಫಯಾಝ್ ಅಣ್ಣನಿಗೆ ಕೀರ್ತನ್ ಪೇಟೆಯಿಂದ ಫೋನ್ ಮಾಡಿದರು. "ಎಲ್ಲ ಸರಿ ಉಂಟು, ಅವಳೇ ಬರೆಯುತ್ತಾಳೆ" ಅಂದರಂತೆ. ಆ 'ಎಲ್ಲ ಸರಿ ಉಂಟು' ನನಗೆ ಸರಿ ಕೇಳಲಿಲ್ಲ.

ಯಶಸ್ವಿ


ಪುತ್ತೂರು
4 ಏಪ್ರಿಲ್ 2025

ಯಶೂ,

ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತಿದ್ದೇನೆ. ನನಗೆ ಹೆಣ್ಣು ಮಗು ಹುಟ್ಟಿದೆ. ಮಾರ್ಚ್ ಹದಿನೆಂಟಕ್ಕೆ. ಹುಟ್ಟಬೇಕಾದದ್ದು ಮೇ ಕೊನೆಗೆ.

ಮುಂಚೆ ಒಂದು ಸಲ ಮೂರು ತಿಂಗಳಿಗೇ ಊರಿಗೆಲ್ಲ ಹೇಳಿ, ಆಮೇಲೆ ಹೋಯಿತು ಅಂತ ಒಬ್ಬೊಬ್ಬರಿಗೂ ಹೇಳಬೇಕಾಯಿತಲ್ಲ. ಅದಕ್ಕೇ ಈ ಸಲ ನಿನಗೂ ಹೇಳಲಿಲ್ಲ. ಡಿಸೆಂಬರಿನಲ್ಲಿ ಡಾಕ್ಟರು ಮಂಚ ಬಿಟ್ಟು ಏಳಬೇಡಿ ಅಂದರು. ಕಿಟಕಿಯ ಪಕ್ಕದ ರಾಣಿಯ ಬಾಳು ಅಂದರೆ ಅದು. ಸಂಜೆ ಆರಕ್ಕೆ ನೀನು ಬರುತ್ತಿ ಅನ್ನುವುದೊಂದರ ಮೇಲೆ ನಾನು ಹಗಲು ದೂಡುತ್ತಿದ್ದೆ. ಅದಕ್ಕೇ ನಿನ್ನನ್ನು ಅಷ್ಟು ಒತ್ತಾಯಿಸಿದ್ದು.

ಇನ್ನೊಂದನ್ನೂ ಹೇಳುತ್ತೇನೆ, ಬೇರೆಯವರ ಬಾಯಿಂದ ನಿನಗೆ ಗೊತ್ತಾಗುವುದು ಬೇಡ. ಅವತ್ತು ಸಂಜೆ ಫಯಾಝ್ ಫೋನ್ ಎತ್ತಲಿಲ್ಲ, ಅಂಗಡಿ ತುಂಬ ಜನ. ನಾನು ಮೆಟ್ಟಿಲು ಇಳಿದು ಹೋದೆ. ಮಗು ಬಂದದ್ದು ಅದಾಗಿ ಹನ್ನೆರಡು ದಿನದ ಮೇಲೆ. ಮೆಟ್ಟಿಲಿಗೂ ಇದಕ್ಕೂ ಸಂಬಂಧ ಇಲ್ಲ ಅಂತ ಡಾಕ್ಟರು ಖಂಡಿತವಾಗಿ ಹೇಳಿದರು. ನಾನು ನಂಬಿದ್ದೇನೆ. ನೀನೂ ನಂಬಬೇಕು.

ಮಗು ಗಾಜಿನ ಪೆಟ್ಟಿಗೆಯಲ್ಲಿದೆ. ಅಂಗೈಗೆ ಸ್ವಲ್ಪ ಹೆಚ್ಚು, ಅಷ್ಟೇ. ಮೂಗಿಗೆ ನಳಿಗೆ. ಉಸಿರು ಎಳೆದು, ಮರೆತ ಹಾಗೆ ನಿಲ್ಲಿಸಿ, ಮತ್ತೆ ಎಳೆಯುತ್ತದೆ. ಆ ನಿಲ್ಲಿಸಿದ ಹೊತ್ತಿನಲ್ಲಿ ನನ್ನದೂ ನಿಲ್ಲುತ್ತದೆ. ಉಮ್ಮ, ಮಾಮಿ, ಫಯಾಝ್ ಎಲ್ಲರೂ "ಹೆದರಬೇಡ" ಅನ್ನುತ್ತಾರೆ. ಹೆದರಿದ್ದೇನೆ ಅಂತ ಹೇಳಲು ನನಗೆ ಇಲ್ಲಿ ಯಾರೂ ಇಲ್ಲ ಯಶೂ.

ಸೇಂಟ್ ಆರ್ಲನ್‌ನಿಂದ ನಿನ್ನನ್ನು ತೆಗೆದ ಮೇಲೆ ಅದನ್ನು ನನಗೆ ಕೊಡಲು ಬಂದಿದ್ದರು. ಗಾಜಿನ ಎದುರು ನಿಂತು ಅದನ್ನು ಓದಿದೆ. ಯಾವುದೋ ದೇಶದ ಯಾರದೋ ಸುದ್ದಿಯ ಹಾಗಿತ್ತು. ಉತ್ತರ ಕೊಡಲಿಲ್ಲ.

ನೀನು ಅಂಗಳ ದಾಟುವುದಿಲ್ಲ ಅಂತ ಗೊತ್ತುಂಟು. ಆದರೂ ಕೇಳುತ್ತೇನೆ. ಬರುತ್ತೀಯಾ?

ಫೌಝಿಯಾ


ಸುಳ್ಯ ದಾಟಿ, ಬಸ್ಸಿನಲ್ಲಿ
6 ಏಪ್ರಿಲ್ 2025

ಫೌಝೀ,

ನಿನ್ನೆ ಸಂಜೆ ಪತ್ರ ಕೈಗೆ ಬಂತು. ಓದಿ ಅತ್ತೆಗೆ ಕೊಟ್ಟೆ. ಅವರು ಎರಡು ಸಲ ಓದಿ, ಎದ್ದು ಹೋಗಿ ನನ್ನ ಚೀಲ ತಂದು ಇಟ್ಟರು.

ಬೆಳಿಗ್ಗೆ ಅಂಗಳದ ತುದಿಯಲ್ಲಿ ನಿಂತುಬಿಟ್ಟೆ. ಕೀರ್ತನ್ ಗೇಟಿನ ಹೊರಗೆ ಕಾಯುತ್ತಿದ್ದರು. "ಎತ್ತಿಕೊಂಡು ಹೋಗ್ಬೇಕಾ?" ಅಂತ ಕೇಳಿದರು. ಬೇಡ ಅಂದೆ. "ಹೆದರಿಕೆ ಹೋಗುವವರೆಗೆ ಕಾಯುದಾ ಹಾಗಾದ್ರೆ?" ಅಂದರು. ಅದು ಹೋಗುವುದಿಲ್ಲ ಅಂದೆ. "ಹಾಗಾದ್ರೆ ಅದನ್ನೂ ಕರ್ಕೊಂಡು ಬಾ. ಬಸ್ಸಿನಲ್ಲಿ ಜಾಗ ಉಂಟು" ಅಂದರು.

ರಸ್ತೆಯವರೆಗೆ ಅವರ ಅಂಗಿ ಹಿಡಿದು ನಡೆದೆ. ದಾರಿಯಲ್ಲಿ ಒಂದು ಕಡೆ ಆನೆ ಲದ್ದಿ ಬಿದ್ದಿತ್ತು. ಹಳೆಯದು, ಒಣಗಿದ್ದು. ಆದರೂ ಅಲ್ಲೇ ಕೂತೆ. ಅವರೂ ಪಕ್ಕದಲ್ಲಿ ಕೂತರು. ಮೊದಲ ಬಸ್ಸು ನಮ್ಮೆದುರೇ ಹೋಯಿತು. ಎರಡನೆಯದಕ್ಕೆ ಎದ್ದೆ.

ಮೆಟ್ಟಿಲಿನ ವಿಷಯ ನಂಬಲು ಪ್ರಯತ್ನ ಮಾಡುತ್ತಿದ್ದೇನೆ. ಪೂರ್ತಿ ಆಗುತ್ತಿಲ್ಲ. ನಿನ್ನ ಮುಖ ನೋಡಿದ ಮೇಲೆ ಆಗಬಹುದು.

ಮಗುವಿಗೆ ಏನು ತರಬೇಕು ಗೊತ್ತಾಗಲಿಲ್ಲ. ಬರಿಗೈಯಲ್ಲಿ ಬರುತ್ತಿದ್ದೇನೆ. ಬಸ್ಸು ಕುಲುಕುತ್ತಿದೆ, ಅಕ್ಷರ ತಪ್ಪಿದರೆ ಸರಿಮಾಡಿ ಓದಿಕೋ.

ಯಶಸ್ವಿ


ಪುತ್ತೂರು
6 ಏಪ್ರಿಲ್ 2025

ಯಶೂ,

ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಅಲ್ಲೇ ನಿಲ್ಲು. ಫಯಾಝ್ ಸ್ಕೂಟರ್ ತೆಗೆದುಕೊಂಡು ಹೊರಟಿದ್ದಾರೆ. ಇಲ್ಲಿ ಎರಡನೆಯ ಮಹಡಿ. ಲಿಫ್ಟ್ ಉಂಟು, ಬೇಡ ಅನಿಸಿದರೆ ಮೆಟ್ಟಿಲೂ ಉಂಟು.

ಬೆಳಿಗ್ಗೆ ಮೂಗಿನ ನಳಿಗೆ ತೆಗೆದರು. ತಾನೇ ಉಸಿರಾಡುತ್ತಿದ್ದಾಳೆ. ಈಗ ನರ್ಸ್ ಬಂದು, ಇವತ್ತು ಹೊರಗೆ ತೆಗೆದು ಎದೆಗೆ ಒರಗಿಸಿ ಕೊಡುತ್ತೇವೆ, ಕೈ ತೊಳೆದು ಬನ್ನಿ ಅಂದರು. ಹತ್ತೊಂಬತ್ತು ದಿನದಿಂದ ಇದೊಂದನ್ನೇ ಬೇಡುತ್ತಿದ್ದವಳು ನಾನು. ಎದ್ದು ನಿಂತೆ, ಮತ್ತೆ ಕೂತೆ. ನನ್ನ ಕೈಯಲ್ಲಿರುವಾಗ ಅವಳು ಉಸಿರು ಮರೆತರೆ?

"ಸ್ವಲ್ಪ ತಡೆಯಿರಿ, ಗುತ್ತಿಗಾರಿನಿಂದ ಒಬ್ಬರು ಬರುವವರಿದ್ದಾರೆ" ಅಂದೆ. "ಯಾರು, ಅಕ್ಕನಾ?" ಅಂತ ಕೇಳಿದರು. ಹೌದು ಅಂದೆ.

ಕೈ ತೊಳೆದು ಕೂತಿದ್ದೇನೆ. ಬಾ.

ಫೌಝಿಯಾ